ಕಚೇರಿಯ ಪತ್ರವೂ ಮನೆಯ ಬೀಗದ ಕೈಯೂ

ಪರರ ಸೊತ್ತನ್ನು ನಂಬಿಕೆಯಿಂದ ತನ್ನ ಬಳಿ ಇಟ್ಟುಕೊಳ್ಳುವುದನ್ನು ಹಿಂದಿನ ಧರ್ಮಶಾಸ್ತ್ರಕಾರರು ನಿಕ್ಷೇಪವೆಂದು ಕರೆದರು. ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನದ ಬೆನ್ನಿಗೇ ಬರುವುದು ಇದು. ಇಟ್ಟವನ ಹಕ್ಕೇನು, ಇಟ್ಟುಕೊಂಡವನ ಹೊಣೆಯೇನು, ಕಳ್ಳರು ಒಯ್ದರೆ ಅಥವಾ ಬೆಂಕಿಗೆ ಆಹುತಿಯಾದರೆ ನಷ್ಟವು ಯಾರ ಪಾಲಿನದು ಎಂಬುದನ್ನೆಲ್ಲ ಅವರು ವಿಚಾರಿಸಿರುವರು. ಆದರೆ ಒಂದು ಪ್ರಶ್ನೆ ಅವರಿಗೆ ಹೊಳೆದಿರಲಾರದು. ಹೊಳೆಯಬೇಕಾದ ಸಂದರ್ಭವೇ ಅವರಿಗೆ ಒದಗಿರಲಿಲ್ಲ. ಒಡವೆಯನ್ನು ಇಟ್ಟುಹೋಗುವವನು, 'ಪೆಟ್ಟಿಗೆ ನಿನ್ನದೇ, ಅದರಲ್ಲಿ ನಿನ್ನ ಒಡವೆಗಳೂ ಇರಲಿ. ಆದರೆ ಬೀಗದ ಇನ್ನೊಂದು ಕೈ ನನ್ನಲ್ಲಿರಬೇಕು. ಬೇಕೆನಿಸಿದ ದಿನ ನಾನು ದೂರದಲ್ಲಿದ್ದುಕೊಂಡೇ ಪೆಟ್ಟಿಗೆಯನ್ನು ಒಳಗಿನ ಸಕಲ ವಸ್ತುಗಳ ಸಮೇತ ಸುಟ್ಟುಬಿಡುವ ಅಧಿಕಾರವೂ ನನಗಿರಬೇಕು' ಎಂದು ಹೇಳಿದರೆ, ಆ ಕರಾರಿಗೆ ಒಪ್ಪುವುದು ಸರಿಯೆ?

ಇದು ತರ್ಕದ ವಿನೋದಕ್ಕಾಗಿ ಕಟ್ಟಿದ ಪ್ರಶ್ನೆಯಲ್ಲ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಅಡಕೆ ತೋಟದ ಮನೆಗಳಲ್ಲಿ ಅನೇಕರು ಈ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಅದಕ್ಕೆ 'ಸರಿ' ಎಂದು ಉತ್ತರವಿತ್ತಿರುವರು. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಬೆಂಗಳೂರು ಮೊದಲಾದ ನಗರಗಳ ಕಂಪೆನಿಗಳಲ್ಲಿದ್ದ ತರುಣ ತರುಣಿಯರು ಊರಿಗೆ ಮರಳಿದರು. ಸುಳ್ಯದಲ್ಲಿ 1985ರಷ್ಟು ಹಿಂದೆಯೇ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಗಿತ್ತು. ಪುತ್ತೂರಿನಲ್ಲಿಯೂ ಮುಂದೆ ಒಂದಾಯಿತು. ಕಂಪ್ಯೂಟರಿನ ವಿದ್ಯೆ ಬಲ್ಲವರಿಗೆ ಈ ಕಡೆ ಬರವಿಲ್ಲ. ಬರವಿದ್ದುದು ಸಿಗ್ನಲಿಗೆ. 2021ರ ಮಳೆಗಾಲದಲ್ಲಿ ಗುತ್ತಿಗಾರಿನ ಬಳಿಯ ಬಳ್ಳಕದಲ್ಲಿ ಮಾರ್ಗದ ಬದಿಗೆ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯು ಕೊಡೆ ಹಿಡಿದು ನಿಂತಿದ್ದ ಚಿತ್ರವು ದೇಶದ ಪತ್ರಿಕೆಗಳಲ್ಲೆಲ್ಲ ಬಂದುದು ವಾಚಕರ ನೆನಪಿನಲ್ಲಿರಬಹುದು. ಪಾಠಕ್ಕೆ ಹಾಗೆ ಗುಡ್ಡ ಹತ್ತಿದವರಂತೆ ಕಚೇರಿಯ ಕೆಲಸಕ್ಕೆ ಹತ್ತಿದವರೂ ಇದ್ದರು. ಆಮೇಲೆ ಕೆಲವರು ನಗರಕ್ಕೆ ಹಿಂದಿರುಗಿದರು, ಕೆಲವರು ಇಲ್ಲಿಯೇ ಉಳಿದರು. ಉಳಿದವರ ಮನೆಗೆ ಕಚೇರಿಯೇ ಬಂದು ಸೇರಿಕೊಂಡಿತು. ಅದು ಬಂದ ದಾರಿಯೇ ಜೇಬಿನ ಮೊಬೈಲು.

ಹೊರಗಿನ ಪತ್ರವು ಮನೆಗೆ ಬರುವುದು ಹೊಸ ಸಂಗತಿಯಲ್ಲ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ನೆಲೆಗೊಳಿಸಿದ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಸೇರಿಹೋಗುವವರೆಗೆ ಎರಡು ಶತಮಾನಗಳಿಗೂ ಮಿಕ್ಕಿ ನಡೆಯಿತು. ಆ ಕಾಲದ ಓಟಗಾರನಾಗಲಿ, ಈ ಕಾಲದ ಅಂಚೆಯ ಪೇದೆಯಾಗಲಿ, ಪತ್ರವನ್ನು ಜಗಲಿಯ ವರೆಗೆ ತಂದು ಕೊಟ್ಟು ಹಿಂದಿರುಗುವನು. ಬಾಯಾರಿಕೆಗೆ ನೀರು ಬೆಲ್ಲ ಕೇಳಿದರೂ ಕೇಳಬಹುದು. ಉಗ್ರಾಣದ ಬೀಗದ ಕೈಯನ್ನು ಕೇಳುವುದಿಲ್ಲ. ಹೊಸ ಅಂಚೆಯ ವಿಶೇಷವೆಂದರೆ ಇದರ ಪೇದೆಯು ಹಿಂದಿರುಗುವುದೇ ಇಲ್ಲ. ಅವನು ಮನೆಯೊಳಗೇ ನೆಲಸುವನು. ಹಗಲಿರುಳು ಎಚ್ಚರವಾಗಿದ್ದು, ಕಚೇರಿಯ ಪೆಟ್ಟಿಗೆಯಲ್ಲಿ ಏನು ಬದಲಾದರೂ ಅದನ್ನು ಇಲ್ಲಿ, ಇಲ್ಲಿ ಏನು ಬದಲಾದರೂ ಅದನ್ನು ಅಲ್ಲಿ ಸರಿಹೊಂದಿಸುತ್ತಿರುವನು. ಇದನ್ನೇ ಸಿಂಕ್ ಮಾಡುವುದೆನ್ನುತ್ತಾರೆ. ಇದರ ಉಪಯೋಗವನ್ನು ಅಲ್ಲಗಳೆಯಲಾಗದು. ಆಷಾಢದ ಮಳೆಗೆ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದು, ಮೊಬೈಲು ಮೂಕವಾದ ಹೊತ್ತಿನಲ್ಲಿಯೂ ಬೆಳಗ್ಗೆ ಬಂದಿಳಿದ ಪತ್ರಗಳನ್ನು ಓದಬಹುದು, ಉತ್ತರ ಬರೆದಿಡಬಹುದು. ಸಿಗ್ನಲು ಮರಳಿದೊಡನೆ ಅವು ತಾವಾಗಿ ಹೊರಡುವುವು. ನಗರದವನಿಗೆ ಇದು ಅನುಕೂಲ. ಕೊಲ್ಲಮೊಗ್ರದಂಥ ಊರಿನವನಿಗೆ ಉದ್ಯೋಗ ಉಳಿಯುವ ಬಗೆ.

ಈ ಕೆಲಸಕ್ಕೆ ಎರಡು ಪದ್ಧತಿಗಳು ಬಳಕೆಯಲ್ಲಿವೆ. ಐಮ್ಯಾಪ್ ಎಂಬುದನ್ನು 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು ರೂಪಿಸಿದರು. ಅದರ ನಿಯಮಗಳೆಲ್ಲ ಪ್ರಕಟವಾಗಿದ್ದು, ಯಾರು ಬೇಕಾದರೂ ಅವುಗಳಿಗನುಸಾರವಾಗಿ ತಂತ್ರಾಂಶವನ್ನು ಬರೆಯಬಹುದು. ಅದು ಪತ್ರವನ್ನು ತರುವುದು, ಒಯ್ಯುವುದು. ಬೇರಾವ ಅಧಿಕಾರವನ್ನೂ ಬೇಡುವುದಿಲ್ಲ. ಇನ್ನೊಂದು, ಮೈಕ್ರೋಸಾಫ್ಟ್ ಕಂಪೆನಿಯ ಎಕ್ಸ್‌ಚೇಂಜ್ ಆಕ್ಟಿವ್‌ಸಿಂಕ್. ದೊಡ್ಡ ಕಚೇರಿಗಳಲ್ಲಿ ಬಹುಕಾಲ ಇದರದೇ ಪ್ರಾಬಲ್ಯವಾಗಿತ್ತು. ಇದು ಪತ್ರಗಳ ಜೊತೆಗೆ ದಿನಚರಿ, ವಿಳಾಸಪಟ್ಟಿಗಳನ್ನೂ ತರುವುದು. ಕೂಡಲೆ ಕಚೇರಿಯ ಕಟ್ಟಳೆಗಳನ್ನೂ ತರುವುದು. ಗುಪ್ತಪದವು ಇಷ್ಟು ಉದ್ದವಿರಬೇಕು, ಇಷ್ಟು ನಿಮಿಷಕ್ಕೆ ಪರದೆ ಮುಚ್ಚಬೇಕು, ಎಂಬಿವು ಸಾಧಾರಣವಾದುವು. 2005ರಲ್ಲಿ ಇವುಗಳ ಜೊತೆಗೆ ಇನ್ನೊಂದು ಸೇರಿತು: ಕಚೇರಿಯ ಅಧಿಕಾರಿಯು ತನ್ನ ಮೇಜಿನಿಂದಲೇ ಒಂದು ಗುಂಡಿಯನ್ನೊತ್ತಿ ದೂರದ ಮೊಬೈಲನ್ನು ಪೂರ್ತಿಯಾಗಿ ಅಳಿಸಿಬಿಡುವ ಶಕ್ತಿ.

ಇತ್ತೀಚಿನ ವರ್ಷಗಳಲ್ಲಿ ಈ ಶಕ್ತಿಯನ್ನು ಬಹುಮಟ್ಟಿಗೆ ಮೊಟಕುಗೊಳಿಸಿರುವರೆಂಬುದನ್ನು ನ್ಯಾಯವಾಗಿ ಹೇಳಬೇಕು. ಆ ಪದ್ಧತಿಯ ಈಚಿನ ಆವೃತ್ತಿಯಲ್ಲಿ ಕಚೇರಿಯ ಅಂಚೆಯನ್ನು ಮಾತ್ರ ಅಳಿಸುವ ಏರ್ಪಾಡುಂಟು. ಹೊಸ ಆಂಡ್ರಾಯ್ಡಿನಲ್ಲಿ ಸಾಮಾನ್ಯವಾದ ಆ್ಯಪ್ ಒಂದಕ್ಕೆ ಮೊಬೈಲನ್ನೇ ಅಳಿಸುವ ಅನುಮತಿಯು ಸುಲಭವಾಗಿ ಸಿಗದು. ಆದರೆ ಹಳೆಯ ಮೊಬೈಲುಗಳು ಇನ್ನೂ ಬಳಕೆಯಲ್ಲಿವೆ. ಮೊಬೈಲನ್ನು ಸಮಗ್ರವಾಗಿ ಕಚೇರಿಯ ಆಡಳಿತಕ್ಕೊಪ್ಪಿಸುವ ಕ್ರಮವೂ ಬೇರೆಯಾಗಿ ಉಂಟು. ತನ್ನ ಮೊಬೈಲಿಗೆ ಇವುಗಳಲ್ಲಿ ಯಾವುದು ಅನ್ವಯಿಸಿದೆಯೆಂದು ಹತ್ತು ಜನ ನೌಕರರನ್ನು ಕೇಳಿದರೆ ಖಚಿತವಾಗಿ ಹೇಳಬಲ್ಲವರು ಎಷ್ಟು ಮಂದಿಯಿದ್ದಾರು? ಅನುಮತಿಯನ್ನು ಕೇಳುವ ಪರದೆಯೊಂದು ಬರುವುದೇನೋ ಹೌದು. ಅದರಲ್ಲಿ 'ಎಲ್ಲ ಮಾಹಿತಿಯನ್ನು ಅಳಿಸುವುದು' ಎಂದು ಸ್ಪಷ್ಟವಾಗಿ ಬರೆದಿರುವುದೂ ಉಂಟು. ಹೊಸದಾಗಿ ಉದ್ಯೋಗಕ್ಕೆ ಸೇರಿದ ದಿನ, ಮೇಲಧಿಕಾರಿಯ ಮೊದಲ ಪತ್ರಕ್ಕಾಗಿ ಕಾಯುತ್ತಿರುವಾಗ, ಅದನ್ನು ಓದಿ ಆಲೋಚಿಸಿ ಕೈ ಹಿಂದೆಗೆದವರು ವಿರಳ.

ಸುಳ್ಯದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮನೆಗೆ ಒಂದೇ ಒಳ್ಳೆಯ ಮೊಬೈಲು, ಅದು ಮಗಳದು. ಅದರಲ್ಲಿಯೇ ತಂದೆಯು ಅಡಕೆಯ ಧಾರಣೆ ನೋಡುವನು. ತಮ್ಮನು ಪಾಠ ಕೇಳುವನು. ಬ್ಯಾಂಕಿನ ವ್ಯವಹಾರವೂ ಅದರಲ್ಲಿಯೇ. ತೀರಿಕೊಂಡ ಅಜ್ಜನು ಒಂದು ರಾತ್ರಿ ತಾಳಮದ್ದಳೆಯಲ್ಲಿ ಕರ್ಣನಾಗಿ ಹೇಳಿದ ಅರ್ಥವು ಅವನದೇ ಧ್ವನಿಯಲ್ಲಿ ಅದರೊಳಗಿದೆ, ಬೇರೆಲ್ಲಿಯೂ ಪ್ರತಿಯಿಲ್ಲ. ಮಗಳು ಉದ್ಯೋಗ ಬಿಟ್ಟು ಬೇರೆ ಕಂಪೆನಿಗೆ ಸೇರುವಳು. ಹಳೆಯ ಕಚೇರಿಯ ಗುಮಾಸ್ತನೊಬ್ಬನು ನಿಯಮದಂತೆ ಅವಳ ಹೆಸರಿನೆದುರು ಗುರುತು ಹಾಕಿ ಗುಂಡಿಯನ್ನೊತ್ತುವನು. ಅವನಲ್ಲಿ ದ್ವೇಷವಿಲ್ಲ, ಅಜಾಗ್ರತೆಯೂ ಇಲ್ಲ. ಅವನು ತನ್ನ ಕರ್ತವ್ಯವನ್ನೇ ಮಾಡಿದನು. ಅಜ್ಜನ ಧ್ವನಿ ಹೋಯಿತು. ಇಲ್ಲಿ ಅಪರಾಧಿ ಯಾರೆಂದು ಹುಡುಕಹೊರಟರೆ ಯಾರೂ ಸಿಗುವುದಿಲ್ಲ; ನಷ್ಟವಂತೂ ಆಗಿದೆ. ಅನುಮತಿಯನ್ನು ಕೊಟ್ಟವಳು ಅವಳೇ ಎಂದು ಕಚೇರಿಯು ಹೇಳಬಹುದು. ಕಾಗದದ ಮೇಲೆ ಆ ಮಾತು ಸರಿ. ಆದರೆ ಅಜ್ಜನ ಧ್ವನಿಯ ಮೇಲೆ ಅಜ್ಜಿಗೂ ತಂದೆಗೂ ತಮ್ಮನಿಗೂ ಹಕ್ಕಿದ್ದಿತು. ಅವರನ್ನು ಯಾರೂ ಕೇಳಿರಲಿಲ್ಲ.

ಇನ್ನು ಕಚೇರಿಯ ಪಕ್ಷವನ್ನು ಕೇಳಬೇಕು. ಅದು ದುರ್ಬಲವಾದ ಪಕ್ಷವಲ್ಲ. ಪತ್ರಗಳು ನೌಕರನವಲ್ಲ. ಅವುಗಳಲ್ಲಿ ರೋಗಿಗಳ ವರದಿ, ಸಾಲಗಾರರ ಲೆಕ್ಕ, ಗಿರಾಕಿಗಳ ಗುಟ್ಟು ಏನೇನೋ ಇರುವುವು. ಉಪ್ಪಿನಂಗಡಿಯಿಂದ ಕಡಬದ ಮಾರ್ಗವಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನಲ್ಲಿ ಆ ಮೊಬೈಲು ಜೇಬಿನಿಂದ ಜಾರಿಬಿದ್ದರೆ, ಬೀಳುವುದು ಒಬ್ಬನ ಸೊತ್ತಲ್ಲ. ತಮ್ಮ ಹೆಸರು ಅಲ್ಲಿರುವುದನ್ನೇ ಅರಿಯದ ನೂರಾರು ಜನರ ಮಾನ. ಅಂಥ ವೇಳೆಯಲ್ಲಿ ದೂರದಿಂದ ಅಳಿಸುವ ಶಕ್ತಿಯಿಲ್ಲದ ಕಚೇರಿಯು ನಿಕ್ಷೇಪವನ್ನು ತೆರೆದ ಬಯಲಿನಲ್ಲಿಟ್ಟಂತೆಯೇ ಸರಿ. ಇದಲ್ಲದೆ, ಕಂಪೆನಿಯ ಪತ್ರವು ಮೊಬೈಲಿಗೆ ಬರಲೇಬೇಕೆಂದು ಅನೇಕ ಸಲ ಕೇಳಿಕೊಳ್ಳುವವನು ನೌಕರನೇ. ಮನೆಯಲ್ಲಿದ್ದುಕೊಂಡು ದುಡಿಯುವ ಅನುಕೂಲ ಅವನಿಗೆ ಬೇಕು, ಅದರ ಹೊಣೆ ಬೇಡವೆಂದರೆ ಹೇಗೆ? ಈ ವಾದಕ್ಕೆ ತಲೆಬಾಗಲೇಬೇಕು. ಆದರೆ ಇದರಿಂದ ಸಿದ್ಧವಾಗುವುದೆಷ್ಟು? ತನ್ನ ಪತ್ರಗಳನ್ನು ಅಳಿಸುವ ಹಕ್ಕು ಕಚೇರಿಗಿದೆಯೆಂಬಷ್ಟು ಮಾತ್ರ. ಅಜ್ಜನ ಧ್ವನಿಯನ್ನು ಅಳಿಸುವ ಹಕ್ಕು ಇದರಿಂದ ಹುಟ್ಟುವುದಿಲ್ಲ. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದುದರಿಂದ ಒಂದನ್ನು ಸುಡಲು ಇನ್ನೊಂದನ್ನೂ ಸುಡಬೇಕಾಯಿತೆಂಬುದು ಯಂತ್ರದ ಅಸಮರ್ಥತೆಯನ್ನು ಹೇಳುವ ಮಾತೇ ಹೊರತು ಹಕ್ಕನ್ನು ಹೇಳುವ ಮಾತಲ್ಲ. ಆ ಅಸಮರ್ಥತೆಯೂ ಈಗ ಉಳಿದಿಲ್ಲ.

ಭೂಮಿಯ ವ್ಯವಹಾರವನ್ನು ಬಲ್ಲ ದಕ್ಷಿಣ ಕನ್ನಡದ ಮನೆಗಳಿಗೆ ಈ ವಿಷಯವನ್ನು ಬೇರೊಂದು ಮಾತಿನಲ್ಲಿ ತಿಳಿಸಿದರೆ ಬೇಗ ಹಿಡಿಸೀತು. ಹಿಂದೆ ಮೂಲಗೇಣಿಯೆಂದೂ ಚಾಲಗೇಣಿಯೆಂದೂ ಎರಡು ಬಗೆಯ ಒಕ್ಕಲುತನವಿದ್ದಿತು. ಮೂಲಗೇಣಿಯವನು ಗೊತ್ತಾದ ಗೇಣಿಯನ್ನು ಕೊಡುತ್ತಿರುವವರೆಗೆ ಅವನನ್ನು ಎಬ್ಬಿಸುವಂತಿರಲಿಲ್ಲ. ಚಾಲಗೇಣಿಯವನು ಧಣಿಯ ಮನಸ್ಸಿನ ಮೇಲೆ ನಿಂತವನು. ತೆಂಗು ನೆಟ್ಟವನೂ ಬಾವಿ ತೋಡಿದವನೂ ಅವನೇ ಆದರೂ, 'ಇದು ನನ್ನದು' ಎನ್ನುವ ಧೈರ್ಯ ಅವನಿಗಿರಲಿಲ್ಲ. 1974ರ ಭೂಸುಧಾರಣೆಯು ಉಳುವವನಿಗೆ ಭೂಮಿಯನ್ನು ಕೊಡಹೊರಟುದು ಈ ಅಳುಕನ್ನು ಹೋಗಲಾಡಿಸುವುದಕ್ಕಾಗಿ. ತನ್ನ ಸಂಬಳದಿಂದ ಕೊಂಡ ಮೊಬೈಲಿನಲ್ಲಿ ಅನ್ಯರ ಅನುಗ್ರಹವಿರುವವರೆಗೆ ಮಾತ್ರ ತನ್ನ ಚಿತ್ರಗಳನ್ನಿಟ್ಟುಕೊಂಡಿರುವವನು ಚಾಲಗೇಣಿಯವನಲ್ಲದೆ ಮತ್ತೇನು? ವ್ಯತ್ಯಾಸವಿಷ್ಟೆ: ಹಿಂದಿನವನಿಗೆ ತನ್ನ ಸ್ಥಿತಿಯ ಅರಿವಿದ್ದಿತು.

ಈ ಅರಿವಿನ ಮಾತಿನಿಂದಲೇ ಮುಕ್ತ ತಂತ್ರಾಂಶದ ವಿಚಾರವು ಪ್ರಾರಂಭವಾಗುವುದು. ಒಪ್ಪಿಗೆಯೆಂಬುದಕ್ಕೆ ತಿಳಿವು ಬೇಕು. ಓದಲು ಬಾರದವನಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರವು ಕೋರ್ಟಿನಲ್ಲಿ ಗೆದ್ದರೂ ನ್ಯಾಯದಲ್ಲಿ ಗೆಲ್ಲದು. ಮೊಬೈಲಿನೊಳಗೆ ನೆಲಸುವ ಪೇದೆಯು ಯಾರ ಮಾತನ್ನು ಕೇಳುವನು, ಏನೇನನ್ನು ನೋಡುವನು, ಎಲ್ಲಿಗೆ ವರದಿ ಮಾಡುವನು ಎಂಬುದೆಲ್ಲ ಅವನ ಮೂಲಬರಹದಲ್ಲಿ, ಸೋರ್ಸ್ ಕೋಡ್ ಎಂದು ಕರೆಯುವ ಆಜ್ಞೆಗಳ ಸಾಲಿನಲ್ಲಿ ಇರುವುದು. ಹೆಚ್ಚಿನ ಕಂಪೆನಿಗಳು ಆ ಬರಹವನ್ನು ಮುಚ್ಚಿಡುವುವು. ಮುಚ್ಚಿಡುವುದು ತಪ್ಪೆಂದು 1983ರಲ್ಲಿ ಘೋಷಿಸಿ ರಿಚರ್ಡ್ ಸ್ಟಾಲ್ಮನ್ ಎಂಬವರು ಒಂದು ಚಳವಳಿಯನ್ನೇ ಹೂಡಿದರು. ಬಳಸುವವನು ಓದಬಲ್ಲ, ತಿದ್ದಬಲ್ಲ, ಇತರರಿಗೆ ಹಂಚಬಲ್ಲ ತಂತ್ರಾಂಶವೇ ಸ್ವತಂತ್ರರಿಗೆ ತಕ್ಕುದೆಂಬುದು ಅವರ ಪಕ್ಷ. 1998ರಲ್ಲಿ 'ಓಪನ್ ಸೋರ್ಸ್' ಎಂಬ ಇನ್ನೊಂದು ಹೆಸರು ಹುಟ್ಟಿತು. ಆ ಹೆಸರಿನವರು ನೀತಿಯ ಮಾತನ್ನು ಕಡಿಮೆಯಾಡಿ, ತೆರೆದ ಬರಹದಲ್ಲಿ ತಪ್ಪುಗಳು ಬೇಗ ಸಿಕ್ಕುವುವು, ಕೆಲಸ ಚೆನ್ನಾಗುವುದು ಎಂಬ ಲಾಭದ ಮಾತನ್ನು ಮುಂದಿಟ್ಟರು. ವ್ಯಾಪಾರಿಗಳಿಗೆ ಈ ಎರಡನೆಯ ಮಾತು ಹೆಚ್ಚು ರುಚಿಸಿದುದು ಸಹಜವೇ. ಪ್ರಸ್ತುತ ಪ್ರಶ್ನೆಗೆ ಬೇಕಾದುದಾದರೋ ಮೊದಲನೆಯದು.

'ತೆರೆದಿಟ್ಟರೇನು? ತೋಟದ ಮನೆಯಲ್ಲಿ ಅದನ್ನು ಓದಬಲ್ಲವರು ಯಾರು?' ಎಂಬ ಆಕ್ಷೇಪಣೆ ಕೂಡಲೆ ಬರುವುದು. ಇದಕ್ಕೆ ಸಮಾಧಾನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಪುತ್ತೂರಿನ ಮೊಳಹಳ್ಳಿ ಶಿವರಾಯರು ಜಿಲ್ಲೆಯಲ್ಲಿ ಸಹಕಾರ ಚಳವಳಿಯನ್ನು ಕಟ್ಟಿದ ಕಾಲಕ್ಕೆ ಸಂಘದ ಸದಸ್ಯರಾದ ರೈತರೆಲ್ಲರೂ ಲೆಕ್ಕಪುಸ್ತಕ ಓದಬಲ್ಲವರಾಗಿದ್ದರೆಂದು ಯಾರೂ ಹೇಳಲಾರರು. ಆದರೂ ಪುಸ್ತಕವು ಸದಸ್ಯರಿಗೆ ತೆರೆದಿರಬೇಕೆಂಬುದು ಸಹಕಾರದ ಮೂಲತತ್ತ್ವಗಳಲ್ಲೊಂದು. ನೂರು ಮಂದಿಯಲ್ಲಿ ಒಬ್ಬನು ಓದಬಲ್ಲವನಾದರೆ ಸಾಕು. ಅವನು ಯಾವ ದಿನ ಬೇಕಾದರೂ ಬಂದು ಕೇಳಬಹುದೆಂಬ ಅಂಜಿಕೆಯೇ ಉಳಿದ ತೊಂಬತ್ತೊಂಬತ್ತು ಮಂದಿಯ ಕಾವಲು. 1973ರಲ್ಲಿ ಅಡಕೆ ಬೆಳೆಗಾರರು ಕ್ಯಾಂಪ್ಕೋ ಸಂಸ್ಥೆಯನ್ನು ಕಟ್ಟಿದುದೂ, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕಲೇಟು ಕಾರ್ಖಾನೆ ಎದ್ದುದೂ ಇದೇ ನಂಬಿಕೆಯ ಬಲದಿಂದ. ತೂಕ ಮಾಡುವವನ ತಕ್ಕಡಿಯು ಕಣ್ಣೆದುರಿಗಿರಬೇಕೆಂದು ಹಟ ಹಿಡಿಯುವ ಬೆಳೆಗಾರನು, ತನ್ನ ಮಗನ ಜೇಬಿನಲ್ಲಿ ಕುಳಿತ ಪೇದೆಯ ಲೆಕ್ಕವು ಮುಚ್ಚಿರುವುದನ್ನು ಚಿಂತೆಯಿಲ್ಲದೆ ಸಹಿಸುವುದು ಸೋಜಿಗವೇ ಸರಿ.

ಅಂಥ ತೆರೆದ ಲೆಕ್ಕದ ಪೇದೆಗಳು ಸಿಗುವುವೆ? ಸಿಗುವುವು. ಕೆ-9 ಮೈಲ್ ಎಂಬುದು 2008ರಲ್ಲಿ ಹುಟ್ಟಿತು. ಇಂಗ್ಲೆಂಡಿನ ಒಂದು ಟಿ. ವಿ. ಕಥೆಯಲ್ಲಿ ಬರುವ ಯಂತ್ರದ ನಾಯಿಯ ಹೆಸರನ್ನು ಇದಕ್ಕಿಟ್ಟರು. 2022ರಲ್ಲಿ ಅದು ಥಂಡರ್‌ಬರ್ಡ್ ಬಳಗಕ್ಕೆ ಸೇರಿ, 2024ರ ಅಕ್ಟೋಬರಿನಲ್ಲಿ ಆಂಡ್ರಾಯ್ಡಿನ ಥಂಡರ್‌ಬರ್ಡ್ ಎಂಬ ಹೆಸರಿನಿಂದಲೂ ಹೊರಬಂದಿತು. ಫೇರ್‌ಇಮೇಲ್ ಎಂಬುದು ನೆದರ್ಲೆಂಡಿನದು. ದಿನಚರಿ, ವಿಳಾಸಗಳನ್ನು ಹೊಂದಿಸಲು ಆಸ್ಟ್ರಿಯದ ಡೇವ್‌ಎಕ್ಸ್ ಫೈವ್ ಉಂಟು. ಇವೆಲ್ಲ ಐಮ್ಯಾಪ್ ಮೊದಲಾದ ಪ್ರಕಟವಾದ ಪದ್ಧತಿಗಳನ್ನು ಅನುಸರಿಸುವುವು. ಮೊಬೈಲನ್ನು ಅಳಿಸುವ ಅಧಿಕಾರವನ್ನು ಕೇಳುವುದಿಲ್ಲ. ಎಕ್ಸ್‌ಚೇಂಜಿನ ಭಾಷೆಯನ್ನು ಮಾತ್ರ ಆಡುವ ಕಚೇರಿಗೂ ಇವುಗಳಿಗೂ ನಡುವೆ ದುಭಾಷಿಯಂತೆ ನಿಲ್ಲುವ ಡೇವ್‌ಮೈಲ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವಿದೆ. ಆದರೆ ಅದನ್ನು ಒಂದು ಕಂಪ್ಯೂಟರಿನಲ್ಲಿ ಸದಾ ನಡೆಸುತ್ತಿರಬೇಕು. ಕಚೇರಿಯೇ ಮನಸ್ಸು ಮಾಡಿದರೆ ಸೋಗೊ, ಜೆಡ್-ಪುಶ್ ಎಂಬ ಮುಕ್ತ ತಂತ್ರಾಂಶಗಳಿಂದ ತನ್ನದೇ ಸರ್ವರನ್ನು ನಡೆಸಿ, ಯಾವ ಕಟ್ಟಳೆಯನ್ನು ಹಾಕಬೇಕು, ಯಾವುದನ್ನು ಬಿಡಬೇಕೆಂಬುದನ್ನು ತಾನೇ ನಿಶ್ಚಯಿಸಬಹುದು.

ಇವುಗಳಲ್ಲಿ ಕುಂದಿಲ್ಲವೆಂದು ಹೊಗಳುವವರ ಮಾತನ್ನು ನಂಬಬೇಕಾಗಿಲ್ಲ. ಪತ್ರ ಬಂದೊಡನೆ ತಿಳಿಸಲು ಐಮ್ಯಾಪಿನಲ್ಲಿ ಸರ್ವರಿನೊಡನೆ ಒಂದು ತಂತುವನ್ನು ಸದಾ ಹಿಡಿದುಕೊಂಡಿರುವ ಉಪಾಯವಿದೆ. ಪುತ್ತೂರು ಪೇಟೆಯಲ್ಲಿ ಅದು ನೆಟ್ಟಗೆ ನಡೆಯುವುದು. ಘಟ್ಟದ ಬುಡದ ಊರುಗಳಲ್ಲಿ ಸಿಗ್ನಲು ಬಂದು ಹೋಗಿ ಮಾಡುವುದರಿಂದ ತಂತು ಮತ್ತೆ ಮತ್ತೆ ಕಡಿದು, ಮತ್ತೆ ಮತ್ತೆ ಜೋಡಿಸಿಕೊಳ್ಳುವುದರಲ್ಲಿಯೇ ಬ್ಯಾಟರಿ ಬಸವಳಿಯುವುದು. ಆಗ ಅದನ್ನು ಬಿಟ್ಟು, ಅರ್ಧ ಗಂಟೆಗೋ ಗಂಟೆಗೋ ಒಂದು ಸಲ ಪೆಟ್ಟಿಗೆ ನೋಡಿಬರುವಂತೆ ಗೊತ್ತುಮಾಡುವುದು ಲೇಸು. ಪತ್ರವು ತಡವಾಗುವುದು. ಇದು ಲೋಪವೋ ಗುಣವೋ ಎಂಬಲ್ಲಿ ಅಭಿಪ್ರಾಯಭೇದಕ್ಕೆ ಎಡೆಯುಂಟು. ಇದಕ್ಕಿಂತ ದೊಡ್ಡ ಅಡ್ಡಿ ಬೇರೊಂದು. 2022ರಿಂದೀಚೆಗೆ ಮೈಕ್ರೋಸಾಫ್ಟ್, ಗೂಗಲ್‌ಗಳು ಬರಿಯ ಗುಪ್ತಪದವನ್ನು ಹೇಳಿ ಒಳಬರುವ ಹಳೆಯ ಕ್ರಮವನ್ನು ಬಹುಮಟ್ಟಿಗೆ ನಿಲ್ಲಿಸಿದುವು. ಹೊಸ ಕ್ರಮದಲ್ಲಿ ಯಾವ ಆ್ಯಪ್ ಒಳಗೆ ಬರಬಹುದೆಂಬುದನ್ನು ಕಚೇರಿಯ ಆಡಳಿತದವನು ಗೊತ್ತುಮಾಡಬಲ್ಲನು. ಕೆ-9 ಮೈಲ್ ಅದೇ ವರ್ಷ ಹೊಸ ಕ್ರಮವನ್ನು ಕಲಿತುಕೊಂಡಿತು. ಆದರೆ ಕಲಿತು ಬಾಗಿಲಿಗೆ ಬಂದವನನ್ನು ಒಳಗೆ ಬಿಡುವುದೂ ಬಿಡದಿರುವುದೂ ದ್ವಾರಪಾಲಕನ ಇಷ್ಟ. ತಂತ್ರಾಂಶವು ಮುಕ್ತವಾದರೂ ಬಾಗಿಲು ಮುಕ್ತವಾಗಿರಬೇಕೆಂದಿಲ್ಲ.

ಇಲ್ಲಿಗೆ ಬಂದಾಗ ಕೆಲವು ಚತುರರು ಒಂದು ಅಡ್ಡದಾರಿಯನ್ನು ತೋರಿಸುವರು. ವಿಷಯದ ನಿಜವಾದ ಕಷ್ಟವಿರುವುದು ಈ ದಾರಿಯಲ್ಲಿ. ಆಕ್ಟಿವ್‌ಸಿಂಕ್ ಪದ್ಧತಿಯಲ್ಲಿ ಸರ್ವರು ಕಟ್ಟಳೆಗಳನ್ನು ಕಳುಹಿಸುವುದು, ಮೊಬೈಲಿನೊಳಗಿನ ತಂತ್ರಾಂಶವು 'ಪಾಲಿಸಿದ್ದಾಯಿತು' ಎಂದು ಉತ್ತರಿಸುವುದು. ಪಾಲಿಸಿತೋ ಇಲ್ಲವೋ ಎಂದು ತಾನಾಗಿ ಬಂದು ನೋಡಲು ಸರ್ವರಿಗೆ ಕಣ್ಣಿಲ್ಲ; ಉತ್ತರವನ್ನು ನಂಬುವುದೊಂದೇ ಅದಕ್ಕಿರುವ ಗತಿ. ಮೂಲಬರಹವು ಕೈಯಲ್ಲಿದ್ದವನು ಅದನ್ನು ತಿದ್ದಿ, ಕಟ್ಟಳೆಯನ್ನು ಪಾಲಿಸದೆಯೇ 'ಪಾಲಿಸಿದ್ದಾಯಿತು' ಎಂದು ಹೇಳುವಂತೆ ಮಾಡಬಲ್ಲನು. ಹೀಗೆ ತಿದ್ದಿದ ತಂತ್ರಾಂಶಗಳನ್ನು ಜನರು ಹಂಚಿಕೊಂಡುದೂ ಉಂಟು. ಇವುಗಳನ್ನು ಬಳಸುವವರ ಸಮರ್ಥನೆ ಕೇಳಲು ಇಂಪಾಗಿದೆ: ಕೇಳಬಾರದುದನ್ನು ಕಚೇರಿಯು ಕೇಳಿತು, ಕೊಡಬೇಕಾಗಿಲ್ಲದುದನ್ನು ಕೊಡಲಿಲ್ಲ, ಮೊಬೈಲು ಯಾರದೋ ಅವರ ಆಜ್ಞೆ ನಡೆಯಿತು, ಅನ್ಯಾಯದ ಪ್ರಶ್ನೆಗೆ ಸತ್ಯದ ಉತ್ತರ ಕೊಡಬೇಕೆಂಬ ನಿಯಮವೆಲ್ಲಿದೆ?

ಅಜ್ಜನ ಧ್ವನಿಯನ್ನು ಉಳಿಸಿಕೊಳ್ಳುವ ಆಸೆಯಿಂದ ಹೀಗೆ ಮಾಡಿದವಳನ್ನು ಕಠಿಣವಾಗಿ ನಿಂದಿಸಲು ಯಾರಿಗೂ ಮನಸ್ಸು ಬಾರದು. ಆದರೂ ಈ ಸಮರ್ಥನೆ ನಿಲ್ಲುವುದಿಲ್ಲ. ಇಲ್ಲಿ ಮೋಸಹೋಗುವವನು ಯಾರೆಂದು ನೋಡಬೇಕು. ಕಟ್ಟಳೆ ಹಾಕಿದ ಧನಿಕ ಕಂಪೆನಿಯೇ ಆಗಿದ್ದರೆ ಮಾತು ಅಲ್ಲಿಗೆ ಬಿಡಬಹುದಾಗಿತ್ತೇನೋ. ಆ 'ಪಾಲಿಸಿದ್ದಾಯಿತು' ಎಂಬ ಉತ್ತರವನ್ನು ನಂಬಿ ಕಂಪೆನಿಯು ತನ್ನ ಗಿರಾಕಿಗಳಿಗೆ, 'ನಿಮ್ಮ ಗುಟ್ಟು ನಮ್ಮಲ್ಲಿ ಭದ್ರ' ಎಂದು ಮಾತು ಕೊಟ್ಟಿರುವುದು. ಸುಳ್ಳು ಹೇಳಿದವಳಿಗೂ ಕೇಳಿದ ಸರ್ವರಿಗೂ ಆಚೆ, ಯಾವುದೋ ಊರಿನ ಆಸ್ಪತ್ರೆಯಲ್ಲಿ ಮಲಗಿರುವ ರೋಗಿಯೊಬ್ಬನು ಆ ಮಾತಿನ ಮೇಲೆ ಒರಗಿರುವನು. ತನ್ನ ಮನೆಯವರನ್ನು ಕೇಳದೆ ಅಜ್ಜನ ಧ್ವನಿಯನ್ನು ಪಣಕ್ಕಿಟ್ಟುದು ಹೇಗೆ ತಪ್ಪೋ, ಆ ರೋಗಿಯನ್ನು ಕೇಳದೆ ಅವನ ಮಾನವನ್ನು ಪಣಕ್ಕಿಡುವುದೂ ಹಾಗೆಯೇ ತಪ್ಪು. ಇನ್ನೊಂದು ಮಾತೂ ಉಂಟು. ಮುಕ್ತ ತಂತ್ರಾಂಶದ ಹಿರಿಮೆಯೇ ಪೇದೆಯು ಸುಳ್ಳಾಡದಂತೆ ನೋಡಿಕೊಳ್ಳಬಹುದೆಂಬುದರಲ್ಲಿದೆ. ತೆರೆದ ಪುಸ್ತಕದ ಹಕ್ಕನ್ನು ಬೇಡಿ ಪಡೆದವನು ಅದೇ ಪುಸ್ತಕದಲ್ಲಿ ಕಳ್ಳಲೆಕ್ಕ ಬರೆಯತೊಡಗಿದರೆ, ನಾಳೆ ದ್ವಾರಪಾಲಕನು ಮುಕ್ತ ತಂತ್ರಾಂಶಗಳನ್ನೆಲ್ಲ ಒಟ್ಟಿಗೇ ಹೊರಗಿಟ್ಟಾಗ ದೂರುವುದಕ್ಕೆ ಬಾಯಿರುವುದಿಲ್ಲ. ಅನೇಕ ಕಚೇರಿಗಳಲ್ಲಿ ಹೀಗೆಯೇ ಹೊರಗಿಟ್ಟಿರುವರು. ಅದಕ್ಕೆ ಕಾರಣವಿಲ್ಲದೆ ಇಲ್ಲ.

ಹಾಗಾದರೆ ಉಳಿದ ದಾರಿ? 'ಒಲ್ಲೆ' ಎನ್ನುವುದು ಒಂದು. ಅದನ್ನು ಹೇಳಬಲ್ಲ ಸ್ಥಿತಿಯಲ್ಲಿರುವವರು ಹೇಳಬೇಕು. ಉದ್ಯೋಗವು ನಿನ್ನೆ ತಾನೇ ದೊರೆತವಳು, ಮನೆಯ ಸಾಲವನ್ನು ತೀರಿಸಬೇಕಾದವಳು, ಹೇಳಲಾರಳು. ಆದುದರಿಂದ ಈ ಹೊರೆಯನ್ನು ಅವಳ ಧೈರ್ಯದ ಮೇಲೆ ಹೊರಿಸುವುದಕ್ಕಿಂತ ಕಚೇರಿಯ ವಿವೇಕದ ಮೇಲೆ ಹೊರಿಸುವುದು ನ್ಯಾಯ. ಆಂಡ್ರಾಯ್ಡಿನಲ್ಲಿ ಕೆಲಸದ ಪಾಲು, ಮನೆಯ ಪಾಲು ಎಂದು ಗೋಡೆ ಹಾಕುವ ಏರ್ಪಾಡು ಬಂದು ಹತ್ತು ವರ್ಷಗಳಾಗಿವೆ. ಒಟ್ಟು ಕುಟುಂಬದ ಮನೆಯಲ್ಲಿ ಪಾಲುಪಟ್ಟಿ ಮಾಡಿಕೊಂಡಂತೆ ಅದು. ಕಚೇರಿಯು ತನ್ನ ಪಾಲಿನೊಳಗೆ ಕಟ್ಟಳೆ ಹಾಕಲಿ, ಅಳಿಸಲಿ. ಗೋಡೆಯಾಚೆಗೆ ಅದರ ಕೈ ಚಾಚದು. ಆ ಗೋಡೆಯ ಆಧಾರವಾದ ಮೂಲಬರಹವು ಮುಕ್ತವಾಗಿಯೇ ಪ್ರಕಟವಾಗಿದೆ. ಕಚೇರಿಯನ್ನು ಕಾಯದೆ ತಾನೇ ಅಂಥ ಪಾಲನ್ನು ಮಾಡಿಕೊಳ್ಳಲು ಶೆಲ್ಟರ್ ಎಂಬ ಮುಕ್ತ ಆ್ಯಪ್ ಕೂಡ ಇದೆ.

ಕಾಯಿದೆಯು ಇದರಲ್ಲಿ ಹೆಚ್ಚು ಸಹಾಯಕ್ಕೆ ಬರುವಂತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ಆದರೆ ಮೂಲಭೂತ ಹಕ್ಕುಗಳ ಮಾತು ಮುಖ್ಯವಾಗಿ ಸರಕಾರದೊಡನೆ ಆಡುವ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಾದರೋ, ಉದ್ಯೋಗದ ಉದ್ದೇಶಗಳಿಗೂ ಉದ್ಯೋಗದಾತನನ್ನು ನಷ್ಟದಿಂದ ಕಾಪಾಡುವುದಕ್ಕೂ ನೌಕರನ ಮಾಹಿತಿಯನ್ನು ಅವನ ಪ್ರತ್ಯೇಕವಾದ ಒಪ್ಪಿಗೆಯಿಲ್ಲದೆ ಬಳಸಲು ಎಡೆಮಾಡಿಕೊಟ್ಟಿದೆ. ಹೀಗಿರಲು ಮರ್ಯಾದೆಯ ಗಡಿಯನ್ನು ಕಚೇರಿಯೂ ನೌಕರನೂ ತಮ್ಮೊಳಗೆ ಮಾತಾಡಿ ಗೊತ್ತುಮಾಡಿಕೊಳ್ಳಬೇಕಾಗಿದೆ.

ಗೋಡೆಯನ್ನೂ ಒಪ್ಪದ, ಮುಕ್ತ ಪೇದೆಯನ್ನೂ ಒಳಗೆ ಬಿಡದ ಕಚೇರಿಗೆ ದುಡಿಯುವವರು ಎರಡನೆಯ ಮೊಬೈಲೊಂದನ್ನು ಇಟ್ಟುಕೊಳ್ಳುವುದುಂಟು. ಪೇಟೆಯಲ್ಲಿ ಇದು ಸುಲಭ. ಘಟ್ಟದ ಬುಡದಲ್ಲಿ ಒಂದೇ ಕಂಪೆನಿಯ ಸಿಗ್ನಲು, ಅದೂ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗುವ ಮನೆಗಳಲ್ಲಿ, ಎರಡನೆಯದಕ್ಕೆ ಮೊದಲನೆಯ ಮೊಬೈಲಿನಿಂದಲೇ ಹಾಟ್‌ಸ್ಪಾಟು ಕೊಡಬೇಕಾಗುವುದು. ಕಚೇರಿಯ ಪತ್ರವು ಆಗಲೂ ಮನೆಯ ಮೊಬೈಲಿನ ಮೂಲಕವೇ ಹಾದುಹೋಗುವುದು. ಜಗಲಿಯ ವರೆಗೆ ಬಂದು ಹಿಂದಿರುಗುತ್ತಿದ್ದ ಹಳೆಯ ಪೇದೆಯಂತೆ. ಆ ಎರಡನೆಯ ಮೊಬೈಲಿನ ಬೆಲೆಯನ್ನೂ ತಿಂಗಳ ರೀಚಾರ್ಜನ್ನೂ ಯಾರು ಕೊಡಬೇಕೆಂಬುದನ್ನು ಉದ್ಯೋಗಕ್ಕೆ ಸೇರುವ ಮೊದಲು, ಸಂಬಳ ರಜೆಗಳ ಮಾತಿನೊಡನೆಯೇ, ಕೇಳಿ ಬರೆಯಿಸಿಕೊಳ್ಳಬಹುದು.